ಎರಡು ಗಂಟೆ ಹತ್ತು ನಿಮಿಷದ ದಾರಿ

ಮಾರ್ಚ್ 8, ಶುಕ್ರವಾರ
ವಾಯವ್ಯದ ಗಾಳಿ, ಹದವಾಗಿದೆ. ಐದು ಶಿಖರವೂ ಕಾಣುತ್ತಿವೆ.

ಮಲಾನ್ ಹೋದಳು. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ವಿಮಾನ ನೆಲ ಬಿಟ್ಟಿತು. ಅಡುಗೆಮನೆ ಕಿಟಕಿಯಿಂದ ಅದರ ಬಾಲ ಮೋಡದೊಳಗೆ ಮರೆಯಾಗುವ ತನಕ ನೋಡಿದೆ. ಆಮೇಲೆ ಕಾಫಿ ಕುಡಿದು ಲೋಟ ತೊಳೆದಿಟ್ಟೆ. ಹನ್ನೆರಡು ಹದಿನಾಲ್ಕಕ್ಕೆ ಕೋಪನ್‌ಹೇಗನ್ ಮುಟ್ಟಬೇಕು ಎಂದು ಲೆಕ್ಕ ಹಾಕಿದ್ದೆ. ಹನ್ನೆರಡೂವರೆಗೆ ಅವಳ ತಂಗಿ ಎಲ್ಸ್ಪಾ ಫೋನ್ ಮಾಡಿ, ಅಕ್ಕ ಬಂದಿಳಿದಳು, ಮುಖ ಸ್ವಲ್ಪ ಬಿಳಿಚಿಕೊಂಡಿದೆ, ಬೇರೇನೂ ಇಲ್ಲ ಎಂದಳು.

ಈ ಪುಸ್ತಕ ಬರೆಯುವುದು ಹೆಂಡತಿ ಮಲಾನಳ ಅಪ್ಪಣೆ. ನಿನ್ನೆ ಪೆಟ್ಟಿಗೆ ಕಟ್ಟುತ್ತಾ ಹೇಳಿದಳು: "ನಾನಿಲ್ದೇ ಇರೋವಾಗ ನಿಂಗೆ ಗೊಣಗೋಕೆ ಕಿವಿ ಬೇಕಲ್ಲ. ದೋಣಿಯ ಹಳೇ ದಿನಚರಿ ಪುಸ್ತಕ ಒಂದು ಖಾಲಿ ಬಿದ್ದಿದೆ ಅಟ್ಟದ ಮೇಲೆ. ಅದರಲ್ಲಿ ಗೊಣಗು." ಮೂವತ್ತೊಂದು ವರ್ಷ ಮೀನು ದೋಣಿಯ ನಾಯಕನಾಗಿದ್ದವನಿಗೆ ಗಾಳಿ, ಅಲೆ, ದೂರ ಬರೆದು ಗೊತ್ತು. ಗೊಣಗಾಟ ಬರೆದು ಗೊತ್ತಿಲ್ಲ. ನೋಡೋಣ.

ಅವಳ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ. ಹೊಸದು ಹಾಕಬೇಕು. ಅದು ನಮ್ಮ ಫಾರೋ ದ್ವೀಪಗಳಲ್ಲಿ ಆಗುವ ಕೆಲಸವಲ್ಲ. ಆಪರೇಷನ್ ಇಪ್ಪತ್ತೇಳಕ್ಕೆ. ಅಲ್ಲಿಯವರೆಗೆ ಪರೀಕ್ಷೆ, ವಿಶ್ರಾಂತಿ, ಎಲ್ಸ್ಪಾಳ ಮನೆ. ನಾನು ಇಪ್ಪತ್ತೊಂದರ ಹಡಗು ಹಿಡಿಯುತ್ತೇನೆ. ಮೂವತ್ತೆಂಟು ಗಂಟೆ ಸಮುದ್ರ, ಆಮೇಲೆ ಆರು ಗಂಟೆ ರೈಲು. ಟಿಕೆಟ್ ತೆಗೆದಾಗಿದೆ.

ಫ್ರೀಜರಿನಲ್ಲಿ ಹದಿಮೂರು ಡಬ್ಬಿ ಇಟ್ಟು, ಒಂದೊಂದರ ಮೇಲೂ ತಾರೀಕು ಅಂಟಿಸಿ ಹೋಗಿದ್ದಾಳೆ. ಇವತ್ತಿನದು ಕುರಿಮಾಂಸದ ಸಾರು. ಉಪ್ಪು ಕಮ್ಮಿ. ಡಾಕ್ಟರು ಹೇಳಿದ್ದು ಅವಳಿಗೆ, ಶಿಕ್ಷೆ ನನಗೆ.

ಮಾರ್ಚ್ 9, ಶನಿವಾರ
ಪಶ್ಚಿಮದ ಗಾಳಿ. ನಾಲ್ಕು ಶಿಖರ.

ಬೆಳಿಗ್ಗೆಯೇ ಅಂಗಡಿಯಿಂದ ಫೋನ್. "ಹಾನುಸ್, ಇವತ್ತು ವಿಮಾನ ಇಳಿಯುತ್ತಾ? ನಮ್ಮ ಅತ್ತೆ ಬರ್ತಿದಾರೆ." ಇಳಿಯುತ್ತೆ, ಆದರೆ ಅರ್ಧ ಗಂಟೆ ತಡ ಎಂದೆ. ಮೂವತ್ತೈದು ನಿಮಿಷ ತಡವಾಗಿ ಇಳಿಯಿತು.

ವಿಮಾನ ನಿಲ್ದಾಣದ ಪಕ್ಕದ ನಮ್ಮೂರು ಸೋರ್ವಾಗುರಿನಲ್ಲಿ ಇದು ನನ್ನ ಈಗಿನ ಉದ್ಯೋಗ. ಕೊಲ್ಲಿಯ ಬಾಯಲ್ಲಿ ಟಿಂಡ್‌ಹೋಲ್ಮುರ್ ಎಂಬ ಪುಟ್ಟ ದ್ವೀಪ ನಿಂತಿದೆ, ಅದಕ್ಕೆ ಐದು ಚೂಪು ಶಿಖರ. ಐದೂ ಕಂಡರೆ ವಿಮಾನ ಹೊತ್ತಿಗೆ ಸರಿಯಾಗಿ. ಮೂರು ಕಂಡರೆ ಕಾದು ನೋಡಿ. ಒಂದೂ ಕಾಣದಿದ್ದರೆ ಪೆಟ್ಟಿಗೆ ಬಿಚ್ಚಿ ಮನೆಯಲ್ಲಿ ಕೂತುಕೊಳ್ಳಿ. ಏಳು ವರ್ಷದಿಂದ ಈ ಕಿಟಕಿಯಲ್ಲಿ ಕೂತು ಏರಿದ್ದು ಇಳಿದದ್ದು ಎಲ್ಲ ಬರೆದಿಟ್ಟಿದ್ದೇನೆ. ಇಲ್ಲಿಂದ ಕೋಪನ್‌ಹೇಗನ್ ಏಳುನೂರ ಇಪ್ಪತ್ತನಾಲ್ಕು ಸಮುದ್ರ ಮೈಲಿ. ಗಾಳಿ ನೋಡಿಕೊಂಡು ಎರಡು ಗಂಟೆ, ಎರಡೂ ಕಾಲು. ಸರಾಸರಿ ಎರಡು ಗಂಟೆ ಹತ್ತು ನಿಮಿಷ. ನನ್ನ ದೋಣಿಗೆ ಅದೇ ದಾರಿ ಮೂರು ದಿನ ಎಂಟು ಗಂಟೆ.

ಇಷ್ಟೆಲ್ಲ ಗೊತ್ತಿರುವವನು ಹತ್ತಿದ್ದು ಒಂದೇ ಸಲ. ಇಪ್ಪತ್ತಾರು ವರ್ಷ ಹಿಂದೆ, ಎಲ್ಸ್ಪಾಳ ಮದುವೆಗೆ ಹೋಗಿ ವಾಪಸು ಬರುವಾಗ. ಅದರ ಬಗ್ಗೆ ಬರೆಯುವುದಿಲ್ಲ.

ಸಂಜೆ ಏಳಕ್ಕೆ ಮಲಾನಳಿಗೆ ಫೋನ್ ಮಾಡಿದೆ. ಎತ್ತಿದ್ದು ಎಲ್ಸ್ಪಾ. "ಭಾವ, ಎಂಟು ಗಂಟೆಗೆ ಸರಿಯಾಗಿ ಫೋನ್ ಮಾಡ್ತೀಯಲ್ಲ, ನಮ್ಮನೇಲಿ ಆಗ ಊಟದ ಹೊತ್ತು," ಎಂದಳು. ಎಂಟಲ್ಲ, ಏಳು ಎಂದೆ. ಮಲಾನ್ ಹಿಂದಿನಿಂದ ನಗುವುದು ಕೇಳಿಸಿತು.

ಮಾರ್ಚ್ 11, ಸೋಮವಾರ
ಗಾಳಿ ಇಲ್ಲ. ಐದು.

ಸಾಮಲ್ ಬಂದಿದ್ದ. ಇಪ್ಪತ್ತು ವರ್ಷ ನನ್ನ ದೋಣಿಯಲ್ಲಿ ಇಂಜಿನ್ ನೋಡಿಕೊಂಡವನು, ಈಗ ನನ್ನ ಕಾಫಿ ಪುಡಿ ನೋಡಿಕೊಳ್ಳುತ್ತಾನೆ. ವಿಮಾನದ ವೇಳಾಪಟ್ಟಿ ಕೈಗೆತ್ತಿಕೊಂಡು ತುಂಬ ಹೊತ್ತು ನೋಡಿದ.

"ಹೋಗೋಕೆ ಮೂರು ಗಂಟೆ ಹತ್ತು ನಿಮಿಷ. ಬರೋಕೆ ಒಂದು ಗಂಟೆ ಹತ್ತು ನಿಮಿಷ. ಹಾನುಸ್, ಮನೆಗೆ ಬರೋವಾಗ ಅದಕ್ಕೂ ಕುದುರೆ ಥರ ಓಟ ಜಾಸ್ತಿ ಆಗುತ್ತೇನೋ?"

"ಲೇ ಸಾಮಲ್, ಡೆನ್ಮಾರ್ಕಿನವರ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ ಕಣೋ. ಹೊರಡೋದು ನಮ್ಮ ಗಂಟೇಲಿ ಬರೆದಿರ್ತಾರೆ, ಮುಟ್ಟೋದು ಅವರ ಗಂಟೇಲಿ. ನಿಜವಾದ ದಾರಿ ಹೋಗೋಕೂ ಬರೋಕೂ ಎರಡು ಗಂಟೆ ಹತ್ತು ನಿಮಿಷ."

"ಅಬ್ಬ. ಇಷ್ಟೆಲ್ಲ ತಿಳ್ಕೊಂಡು ಹಡಗಲ್ಲಿ ಹೋಗ್ತಾನಂತೆ, ಇಲ್ಲೇ-ಇಳಿಸಿ."

ಅದು ನನ್ನ ಅಡ್ಡಹೆಸರು. ನಮ್ಮೂರಿನಲ್ಲಿ ಅಡ್ಡಹೆಸರು ಇಲ್ಲದವರು ಯಾರೂ ಇಲ್ಲ. ತನ್ನ ಹೊಸ ದೋಣಿ ನೀರಿಗಿಳಿದ ದಿನವೇ ತಾನೂ ನೀರಿಗೆ ಬಿದ್ದ ಸಾಮಲನಿಗೆ ಒದ್ದೆಕಾಲು ಎಂದು ಹೆಸರು. ಆದರೆ ಅವನ ಹೆಸರಿನಲ್ಲಿ ಅವಮಾನ ಇಲ್ಲ.

ಸರಿ, ಬರೆದೇ ಬಿಡುತ್ತೇನೆ. ಓದುವವರು ಯಾರು. ಆ ದಿನ ಅಡ್ಡಗಾಳಿ ಇತ್ತು. ಪೈಲಟ್ ಇಳಿಸಲು ಬಂದು, ಬಿಟ್ಟು, ಮೇಲೆತ್ತಿ ಮೂರು ಸುತ್ತು ಹೊಡೆದ. ಮೂರನೇ ಸುತ್ತಿನಲ್ಲಿ ನಾನು ಮಲಾನಳ ಕೈ ಹಿಡಿದು "ಇಲ್ಲೇ ಇಳಿಸಿ" ಎಂದು ಕೂಗಿದೆನಂತೆ. ಕೆಳಗೆ ಸಮುದ್ರ. ವಿಮಾನದ ತುಂಬ ನಮ್ಮೂರಿನವರು. ಸಾಮಲ್ ಮೂರು ಸಾಲು ಹಿಂದೆ ಕೂತಿದ್ದ. ಅಷ್ಟು ಸಾಕಾಯಿತು.

ನನಗೆ ಭಯ ಇಲ್ಲ. ಕೆಟ್ಟು ನಿಂತರೆ ತೇಲದೇ ಇರುವ ವಾಹನ ನನಗೆ ಸೇರುವುದಿಲ್ಲ, ಅಷ್ಟೇ.

ಮಾರ್ಚ್ 12, ಮಂಗಳವಾರ
ದಕ್ಷಿಣದ ಗಾಳಿ, ತಂಪು ಕಮ್ಮಿ. ಐದು.

ತ್ಯಾಲ್ದುರ್ ಹಕ್ಕಿ ಬಂತು. ಪ್ರತಿ ವರ್ಷ ಇದೇ ತಾರೀಕಿಗೆ ಬರುತ್ತದೆ ಎಂದು ನಾವು ಹಬ್ಬ ಮಾಡುತ್ತೇವೆ. ಕೆಂಪು ಕೊಕ್ಕು, ಕಪ್ಪು ಬೆನ್ನು, ಬಂದ ದಿನವೇ ಜಗಳ ಶುರು. ಶಾಲೆ ಮಕ್ಕಳು ಬಾವುಟ ಹಿಡಿದು ಹೋದರು. ಪ್ರತಿ ಸಲ ಮೊದಲ ಹಕ್ಕಿ ನೋಡುವುದು ಮಲಾನ್. ಈ ಸಲ ನಾನು ನೋಡಿದೆ. ನೋಡಿ ಹಿಂದೆ ತಿರುಗಿ "ಬಂತು ನೋಡೇ" ಎಂದೂ ಹೇಳಿದೆ.

ಏಳಕ್ಕೆ ಫೋನಿನಲ್ಲಿ ಹೇಳಿದಾಗ ಅವಳು ಕೇಳಿದಳು, "ಯಾವ ಬಂಡೆ ಮೇಲೆ ಕೂತಿತ್ತು?" ಸೀಳು ಬಂಡೆ ಎಂದೆ. "ಹಾಗಾದ್ರೆ ಅದೇ ಹಕ್ಕಿ," ಎಂದಳು. ಅದು ಹೇಗೆ ಗೊತ್ತೋ.

ಮಾರ್ಚ್ 14, ಗುರುವಾರ
ಈಶಾನ್ಯದ ಗಾಳಿ. ನಾಲ್ಕು, ಸಂಜೆಗೆ ಮೂರು.

ಮಧ್ಯಾಹ್ನವೇ ಮಲಾನ್ ಫೋನ್ ಮಾಡಿದಳು. ಏಳು ಗಂಟೆ ಬಿಟ್ಟು ಬೇರೆ ಹೊತ್ತಿಗೆ ಅವಳು ಮಾಡುವವಳಲ್ಲ. ಕೂತುಕೊಂಡೆ.

"ಯಾರೋ ಒಬ್ಬರಿಗೆ ಜ್ವರ ಬಂತಂತೆ. ಅವರ ಜಾಗ ನಂಗೆ ಕೊಟ್ಟಿದಾರೆ. ಹತ್ತೊಂಬತ್ತಕ್ಕೆ, ಮಂಗಳವಾರ."

"ಹಡಗು ಇಪ್ಪತ್ತೊಂದಕ್ಕೆ," ಎಂದೆ.

"ಗೊತ್ತು ಕಣೋ. ನೀನು ಆಮೇಲೇ ಬಾ. ಎಲ್ಸ್ಪಾ ಇದಾಳೆ."

ದೋಣಿಯಿಂದ ರೇಡಿಯೋದಲ್ಲಿ ಮಾತಾಡುತ್ತಿದ್ದ ದಿನಗಳಲ್ಲಿ ಹೀಗೆ ಮಾತು ನಿಂತರೆ ಮಧ್ಯೆ ಬೇರೆ ದೋಣಿಯವರು ನುಗ್ಗುತ್ತಿದ್ದರು. ಫೋನಿನಲ್ಲಿ ಯಾರೂ ನುಗ್ಗಲಿಲ್ಲ.

"ಒಳಗೆ ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ನಿನ್ನ ಮುಖ ನೋಡಿದ್ರೆ ಚೆನ್ನಾಗಿರ್ತಿತ್ತು," ಎಂದಳು. "ಅಷ್ಟೇ. ಡಬ್ಬಿ ದಿನಾ ತೆಗೀತಿದೀಯ ತಾನೇ?"

ತೆಗೆಯುತ್ತಿದ್ದೇನೆ ಎಂದೆ.

ಅಂಗಳಕ್ಕೆ ಹೋಗಿ, ಮಾಂಸ ಒಣಗಿಸುವ ಗುಡಿಸಲಿನ ಬಾಗಿಲು ಸರಿ ಮಾಡಿದೆ. ಅದು ಸರಿಯಾಗಿಯೇ ಇತ್ತು.

ಮಾರ್ಚ್ 15, ಶುಕ್ರವಾರ

ಟಿಕೆಟ್ ತೆಗೆದೆ. ವಿಮಾನದ್ದು. ಭಾನುವಾರಕ್ಕೆ. ಕೌಂಟರಿನ ಹುಡುಗಿ ಮುಖ ಎತ್ತಿ, "ನಿಮಗೇನಾ?" ಎಂದಳು. ನಾನು ಕೂಗಿದಾಗ ಅವಳು ಹುಟ್ಟಿಯೇ ಇರಲಿಲ್ಲ, ಆದರೂ ಗೊತ್ತು.

ಮಾರ್ಚ್ 17, ಭಾನುವಾರ
ಗಾಳಿ ಇಲ್ಲ. ಮಂಜು. ಒಂದು ಶಿಖರವೂ ಇಲ್ಲ.

ವಿಮಾನ ಬರಲಿಲ್ಲ. ಬರುವುದಿಲ್ಲ ಎಂದು ನನಗೆ ಬೆಳಿಗ್ಗೆ ಆರಕ್ಕೇ ಗೊತ್ತಿತ್ತು. ಕಿಟಕಿಯ ಆಚೆ ಬೇಲಿ ಕೂಡ ಕಾಣುತ್ತಿರಲಿಲ್ಲ.

ನಿಜ ಬರೆಯಬೇಕೆಂದರೆ, ಆ ಮಂಜು ನೋಡಿದ ಕೂಡಲೇ ಹಾಯೆನಿಸಿತು. ಹೊಟ್ಟೆ ತುಂಬ ತಿಂಡಿ ತಿಂದೆ. ಶಿಳ್ಳೆ ಹಾಕಿದೆ. ಎರಡನೇ ಲೋಟ ಕಾಫಿ ಸುರಿಯುವಾಗ ಎದುರಿಗೆ ಅವಳ ಕುರ್ಚಿ ಕಂಡಿತು, ಅದರ ಮೇಲೆ ಅರ್ಧ ಹೆಣೆದ ಸ್ವೆಟರ್. ಒಂದು ತೋಳು ಆಗಿದೆ, ಇನ್ನೊಂದು ಬಾಕಿ. ನನಗೇ ಹೆಣೆಯುತ್ತಿದ್ದಳು.

ನಾನೆಂಥ ಮನುಷ್ಯ. ಹೆಂಡತಿಯ ಎದೆ ಕೊಯ್ಯುತ್ತಾರೆ, ನಾನು ಇಲ್ಲಿ ಮಂಜು ನೋಡಿ ಶಿಳ್ಳೆ ಹಾಕುತ್ತೇನೆ. ಕಾಫಿ ಚೆಲ್ಲಿದೆ. ನಾಚಿಕೆಯಾಯಿತು. ಇಪ್ಪತ್ತಾರು ವರ್ಷದ ಹಿಂದೆ ಊರವರ ಮುಂದೆ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ.

ಟಿಕೆಟ್ ನಾಳೆಗೆ ಬದಲಾಯಿಸಿದೆ.

ಮಾರ್ಚ್ 18, ಸೋಮವಾರ
ಗಾಳಿ ಇಲ್ಲ. ಮಂಜು. ಸೊನ್ನೆ.

ಇವತ್ತೂ ಇಲ್ಲ. ಹನ್ನೊಂದು ಸಲ ಹೊರಗೆ ಹೋಗಿ ನೋಡಿ ಬಂದೆ. ಊರಿನ ಐದು ಮನೆಯವರು ಫೋನ್ ಮಾಡಿ, ಯಾವಾಗ ತಿಳಿಯಾಗುತ್ತೆ ಎಂದು ಕೇಳಿದರು. ಗೊತ್ತಿಲ್ಲ ಎಂದು ರೇಗಿದೆ. ಏಳು ವರ್ಷದಲ್ಲಿ ಮೊದಲ ಸಲ ಹಾಗೆ ಹೇಳಿದ್ದು.

ಸಾಮಲ್ ಬಂದ. ಅವನೂ ಗೇಲಿ ಮಾಡಲಿಲ್ಲ. ಅದು ಇನ್ನೂ ಭಯ ಹುಟ್ಟಿಸಿತು.

"ವಾಯುಭಾರ ಮಾಪಕದ ಮುಳ್ಳು ಅಲ್ಲಾಡ್ತಿದೆಯಾ?" ಎಂದು ಕೇಳಿದ.

"ಮಧ್ಯಾಹ್ನದಿಂದ ಏರ್ತಿದೆ. ನಿಧಾನವಾಗಿ."

"ಏರಿದ್ರೆ ಬೆಳಗಿನ ಜಾವ ವಾಯವ್ಯದಿಂದ ಗಾಳಿ ಬರುತ್ತೆ. ನೀನೇ ಹೇಳ್ಕೊಟ್ಟಿದ್ದು. ಬೆಳಿಗ್ಗೆ ಎಂಟಕ್ಕೆ ಕಾರು ತರ್ತೀನಿ. ಗಡ್ಡ ಮಾಡ್ಕೊ."

ಏಳು ಗಂಟೆಯ ಫೋನ್. ಮಲಾನ್ ಆಗಲೇ ಆಸ್ಪತ್ರೆಯಲ್ಲಿದ್ದಾಳೆ. ದನಿ ಚಿಕ್ಕದಾಗಿತ್ತು. "ನಾಳೆ ಒಂದು ಗಂಟೆಗೆ ಕರ್ಕೊಂಡು ಹೋಗ್ತಾರೆ," ಎಂದಳು. "ನಾಲ್ಕನೇ ಮಹಡಿ. ಒಂದು ಗಂಟೆ, ಹಾನುಸ್. ನೆನಪಿಟ್ಕೊ."

ಲೆಕ್ಕ ಹೀಗಿದೆ. ಹತ್ತಕ್ಕೆ ಏರಿದರೆ ಹನ್ನೆರಡು ಹತ್ತಕ್ಕೆ ಇಳಿಯುವುದು. ಕೈಚೀಲ ಒಂದೇ, ಪೆಟ್ಟಿಗೆಗೆ ಕಾಯುವ ಹಾಗಿಲ್ಲ. ಟ್ಯಾಕ್ಸಿ ಇಪ್ಪತ್ತೈದು ನಿಮಿಷ. ಹನ್ನೆರಡೂ ಮುಕ್ಕಾಲಿಗೆ ಅವಳ ಮುಂದೆ. ಕೈಯಲ್ಲಿ ಕಾಲು ಗಂಟೆ. ಮೂರು ಸಲ ಕೂಡಿಸಿ ನೋಡಿದೆ, ಸರಿ ಇದೆ.

ಕೈಗಡಿಯಾರಕ್ಕೆ ಕೀಲಿ ಕೊಟ್ಟೆ. ಮೊದಲ ದೋಣಿಗೆ ನಾಯಕನಾದಾಗ ಮಲಾನ್ ಕೊಟ್ಟದ್ದು. ಐಸ್‌ಲ್ಯಾಂಡಿನ ಹತ್ತಿರ ಇರಲಿ, ನಾರ್ವೆಯ ಹತ್ತಿರ ಇರಲಿ, ಅದರ ಮುಳ್ಳನ್ನು ನಾನು ಒಂದು ದಿನ ತಿರುಗಿಸಿದವನಲ್ಲ. ಸಂಜೆ ಏಳಕ್ಕೆ ಅವಳು ಮನೆಯ ರೇಡಿಯೋ ಮುಂದೆ ಕೂರುತ್ತಿದ್ದಳು. ಅವಳ ಏಳು ಯಾವುದೋ ನನ್ನ ಏಳೂ ಅದೇ ಆಗಿರಬೇಕಿತ್ತು.

ಮಾರ್ಚ್ 19, ಮಂಗಳವಾರ
ಬೆಳಿಗ್ಗೆ ಏಳಕ್ಕೆ ಸೊನ್ನೆ. ಎಂಟಕ್ಕೆ ಎರಡು. ವಾಯವ್ಯದ ಗಾಳಿ. ಒಂಬತ್ತಕ್ಕೆ ನಾಲ್ಕು.

ಸಾಮಲ್ ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಿಸಿ, ಕಿಟಕಿ ಗಾಜು ಕೆಳಗಿಳಿಸಿ, "ಇಲ್ಲೇ ಇಳಿಸಿದೀನಿ ನೋಡಪ್ಪ," ಎಂದ. ನಗು ಬಂತು.

10.06. ನೆಲ ಬಿಟ್ಟಿತು. ಕಣ್ಣು ಮುಚ್ಚಿದ್ದೆ.

10.09. ಅಲ್ಲಾಡುತ್ತಿದೆ. ಪೆನ್ಸಿಲ್ ಗಟ್ಟಿ ಹಿಡಿದಿದ್ದೇನೆ. ಹಿಡಿಯಲು ಬೇರೇನೂ ಇಲ್ಲ.

10.15. ಮೋಡದ ಮೇಲೆ. ಬಿಸಿಲು. ಕೆಳಗಿನಿಂದ ಏಳು ವರ್ಷ ನೋಡಿದ ಮೋಡದ ಬೆನ್ನು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಈಗಷ್ಟೇ ತೊಳೆದು ಹರವಿದ ಉಣ್ಣೆಯ ಹಾಗಿದೆ.

10.30. ಪಕ್ಕದಲ್ಲಿ ಒಬ್ಬರು ಡೇನಿಶ್ ಹೆಂಗಸು, ನನ್ನಷ್ಟೇ ವಯಸ್ಸು. ಏನು ಬರೀತಿದೀರಿ ಎಂದರು. ದಾರಿ ಲೆಕ್ಕ ಎಂದೆ. "ಹಾಗಾದ್ರೆ ನಾವೀಗ ಎಲ್ಲಿದೀವಿ ಹೇಳಿ ನೋಡೋಣ." ಇನ್ನು ಹತ್ತು ನಿಮಿಷಕ್ಕೆ ಶೆಟ್‌ಲ್ಯಾಂಡ್ ಎಂದೆ.

10.41. ಪೈಲಟ್ ಮೈಕಿನಲ್ಲಿ ಹೇಳಿದ, ಕೆಳಗೆ ಶೆಟ್‌ಲ್ಯಾಂಡ್ ದ್ವೀಪಗಳು ಎಂದು. ಹೆಂಗಸು ನನ್ನನ್ನು ಬೇರೆಯೇ ಥರ ನೋಡಿದರು. ಮೋಡದ ಸಂದಿಯಲ್ಲಿ ನೀರು ಕಂಡಿತು. ಮೀನು ಸಿಗುವ ಆ ನೀರಿಗೆ ದೋಣಿಯಲ್ಲಿ ನಾವು ಒಂದು ಹಗಲು ಒಂದು ರಾತ್ರಿ ಹೋಗುತ್ತಿದ್ದೆವು. ಸಾಮಲ್ ಇಂಜಿನ್ನಿಗೆ ಬೈಯುತ್ತಿದ್ದ ಜಾಗ. ಮೂವತ್ತೈದು ನಿಮಿಷಕ್ಕೆ ಬಂತು.

11.10. ಕಾಫಿ ಚೆನ್ನಾಗಿಲ್ಲ. ಎರಡನೆಯದು ಕೇಳಿದೆ.

11.28. ನಾರ್ವೆಯ ದಕ್ಷಿಣ ತುದಿ. ಹಿಮ. ಹೆಂಗಸಿಗೆ ತೋರಿಸಿದೆ. ಅವರಿಗೆ ಮೊಮ್ಮಗು ಹುಟ್ಟಿದೆಯಂತೆ. ಮಲಾನಳ ವಿಷಯ ಹೇಳಿದೆ. ಇಷ್ಟು ಮಾತು ನಾನು ಊರಿನಲ್ಲೂ ಆಡುವವನಲ್ಲ.

11.50. ಇಳಿಯಲು ಶುರು. ಹೆಂಗಸು ಕೈಗಡಿಯಾರ ಬಿಚ್ಚಿ ಮುಳ್ಳು ತಿರುಗಿಸುತ್ತಿದ್ದಾರೆ. ಕೆಲವರಿಗೆ ಎಲ್ಲಕ್ಕೂ ಅವಸರ.

12.14. ನೆಲ. ನಾಲ್ಕು ನಿಮಿಷ ತಡ, ಅಡ್ಡಿಯಿಲ್ಲ. ಕೈಯಲ್ಲಿ ಇನ್ನೂ ಹತ್ತು ನಿಮಿಷ ಇದೆ.

ಇಷ್ಟು ವಿಮಾನದಲ್ಲಿ ಬರೆದದ್ದು. ಮುಂದಿನದನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ, ಕೈ ಈಗ ಸ್ಥಿರವಾಗಿದೆ.

ನಿಲ್ದಾಣದೊಳಗೆ ಬಂದೆ. ಎದುರಿಗೆ ಗೋಡೆಯಲ್ಲಿ ದೊಡ್ಡ ಗಡಿಯಾರ. ಒಂದು ಗಂಟೆ ಇಪ್ಪತ್ತು ನಿಮಿಷ. ಕೆಟ್ಟು ಹೋಗಿದೆ ಎಂದುಕೊಂಡೆ. ನಾಲ್ಕು ಹೆಜ್ಜೆ ಮುಂದೆ ಇನ್ನೊಂದು ಗಡಿಯಾರ, ಅದೂ ಒಂದು ಇಪ್ಪತ್ತು. ಆಗ ಸಾಮಲನ ಮುಖ ಕಣ್ಣ ಮುಂದೆ ಬಂತು, ವೇಳಾಪಟ್ಟಿ ಹಿಡಿದುಕೊಂಡು ಕುದುರೆ ಥರವೇನೋ ಎಂದು ಕೇಳುತ್ತಿದ್ದ ಮುಖ. ಅವನಿಗೆ ಪಾಠ ಹೇಳಿದ ಮಹಾ ಬುದ್ಧಿವಂತ ನಾನು. ಎಲ್ಲವನ್ನೂ ನನ್ನ ಗಡಿಯಾರದಲ್ಲಿ ಕೂಡಿಸಿದ್ದೆ. ಆಸ್ಪತ್ರೆಯವರ ಒಂದು ಗಂಟೆಯನ್ನೂ ಅದರೊಳಗೇ ಸೇರಿಸಿಬಿಟ್ಟಿದ್ದೆ.

ಒಂದು ಗಂಟೆ ಆಗಿ ಹೋಗಿತ್ತು. ಅವಳನ್ನು ಒಳಗೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷ.

ಟ್ಯಾಕ್ಸಿಯಲ್ಲಿ ಹೇಗೆ ಕೂತೆನೋ ಗೊತ್ತಿಲ್ಲ. ಎಲ್ಸ್ಪಾಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆಸ್ಪತ್ರೆಯೊಳಗೆ ಆರಿಸಿಟ್ಟಿರಬೇಕು. ಕೆಂಪು ದೀಪ ಬಂದಲ್ಲೆಲ್ಲ ಟ್ಯಾಕ್ಸಿ ನಿಲ್ಲುತ್ತಿತ್ತು. ಏಳುನೂರ ಇಪ್ಪತ್ತನಾಲ್ಕು ಮೈಲಿ ಬಂದವನಿಗೆ ಈ ಐದು ಮೈಲಿ ಮುಗಿಯುವುದೇ ಇಲ್ಲ. ಇಂಥ ಭಯ ನನಗೆ ಸಮುದ್ರದಲ್ಲಿ ಆಗಿಲ್ಲ, ಆಕಾಶದಲ್ಲೂ ಆಗಿಲ್ಲ. ಒಂದು ಮುಖ ನೋಡಬೇಕು ಎಂದಿದ್ದಳು, ಬೇರೇನೂ ಕೇಳಿರಲಿಲ್ಲ. ಕಣ್ಣು ಒದ್ದೆಯಾಯಿತು. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ ರೇಡಿಯೋ ಆರಿಸಿದ.

ಲಿಫ್ಟಿಗೆ ಕಾಯದೆ ನಾಲ್ಕು ಮಹಡಿ ಹತ್ತಿದೆ. ಕಾರಿಡಾರಿನ ಕೊನೆಯಲ್ಲಿ ಎಲ್ಸ್ಪಾ ನಿಂತಿದ್ದಳು. ಅಳುತ್ತಿರಲಿಲ್ಲ. ಪಕ್ಕದ ಬಾಗಿಲು ತೋರಿಸಿದಳು.

ಮಲಾನ್ ಹಾಸಿಗೆಯಲ್ಲಿ ಒರಗಿ ಕೂತಿದ್ದಳು. ತಲೆಗೆ ಹಸಿರು ಟೋಪಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಓಡಿ ಬಂದ್ಯಾ?"

ಉಸಿರು ಸಿಕ್ಕರೆ ತಾನೇ ಮಾತಾಡುವುದು. "ನೀನು ಒಂದು ಗಂಟೆ ಅಂದಿದ್ದೆ," ಎಂದೆ. "ನಾನು ಅವರ ಗಂಟೆ ಮರೆತುಬಿಟ್ಟೆ ಮಲಾನ್. ತಡ ಆಯ್ತು."

"ನಿನ್ನ ಗಡಿಯಾರದಲ್ಲಿ ಈಗೆಷ್ಟು?"

ನೋಡಿದೆ. "ಹನ್ನೆರಡೂ ಮುಕ್ಕಾಲು."

"ಮತ್ತೆ? ಒಂದು ಗಂಟೆಗೆ ಇನ್ನೂ ಕಾಲು ಗಂಟೆ ಇದೆಯಲ್ಲ." ನರ್ಸ್ ಕಡೆ ತಿರುಗಿ, ನಮ್ಮೆಜಮಾನ್ರು ಬಂದರು, ನೀವು ಹೇಳಿದ ಹಾಗೆ ಎರಡು ಗಂಟೆಗೆ ಸರಿಯಾಗಿ ಹೊರಡಬಹುದು ಎಂದು ಡೇನಿಶ್‌ನಲ್ಲಿ ಹೇಳಿದಳು. ಆಮೇಲೆ ನನಗೆ: "ಮೂವತ್ತೊಂದು ವರ್ಷ ಏಳು ಗಂಟೆಗೆ ರೇಡಿಯೋ ಮುಂದೆ ಕೂತವಳು ಕಣೋ ನಾನು. ನಿನ್ನ ಗಡಿಯಾರ ಯಾವೂರಿಂದು ಅಂತ ನಂಗೊತ್ತಿಲ್ವಾ? ಇಲ್ಲಿಯವರ ಎರಡು ಗಂಟೆ ಅಂತ ನಿಂಗೆ ಹೇಳಿದ್ರೆ, ನಮ್ಮ ಎರಡಕ್ಕೆ ಬಂದು ನಿಲ್ತಿದ್ದೆ."

ನಾನು ಅಲ್ಲೇ ಅವಳ ಕಾಲ ಬಳಿ ಹಾಸಿಗೆಯ ಮೇಲೆ ಕೂತುಬಿಟ್ಟೆ. ಅತ್ತೆನೋ ನಕ್ಕೆನೋ ಹೇಳಲಾರೆ. ಎಲ್ಸ್ಪಾ ಎರಡೂ ಮಾಡಿದಳು. ಕಾಲು ಗಂಟೆ ಇಡೀ ನಮ್ಮದಾಗಿತ್ತು. ಮಲಾನ್ ಹಕ್ಕಿಯ ಬಗ್ಗೆ ಕೇಳಿದಳು, ಸೀಳು ಬಂಡೆಯಲ್ಲೇ ಗೂಡಿಗೆ ಜಾಗ ನೋಡುತ್ತಿದೆ ಎಂದೆ. ವಿಮಾನ ಅಲ್ಲಾಡಿತಾ ಎಂದಳು. ಹೊರಡುವಾಗ ಒಂದಿಷ್ಟು, ಆಮೇಲೆ ಗಮನಿಸಲಿಲ್ಲ ಎಂದೆ. "ಹೌದಾ," ಎಂದು ತುಂಬ ಹೊತ್ತು ನನ್ನ ಮುಖವನ್ನೇ ನೋಡಿದಳು.

ಒಂದು ಗಂಟೆಗೆ ಕರೆದುಕೊಂಡು ಹೋದರು. ನಮ್ಮ ಒಂದು ಗಂಟೆಗೆ.

ಸಂಜೆ ಐದೂವರೆ. ಡಾಕ್ಟರು ಬಂದರು. ಎಳೆಯ ಹೆಂಗಸು, ಕಣ್ಣಲ್ಲಿ ದಣಿವು. "ಚೆನ್ನಾಗಾಯ್ತು," ಎಂದರು. "ಕವಾಟ ಸರಿಯಾಗಿ ಮುಚ್ಚಿ ತೆರೀತಿದೆ. ಈಗ ಮಲಗಿದಾರೆ." ಅವರ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲವಂತೆ ನಾನು. ಎಲ್ಸ್ಪಾ ಬಿಡಿಸಿದಳು.

ಏಳು ಗಂಟೆಗೆ ಐದು ನಿಮಿಷ ಒಳಗೆ ಬಿಟ್ಟರು. ಮೈಯೆಲ್ಲ ನಳಿಗೆ. ಎದೆ ಏರಿ ಇಳಿಯುತ್ತಿತ್ತು. ಏಳು ಗಂಟೆಯಾದ್ದರಿಂದ ಅಭ್ಯಾಸದ ಪ್ರಕಾರ ಹವಾಮಾನ ಹೇಳಿದೆ. ವಾಯವ್ಯದ ಗಾಳಿ, ಹದವಾಗಿದೆ, ಸಮುದ್ರ ಶಾಂತ, ಎಲ್ಲರೂ ಕ್ಷೇಮ.

ಮಾರ್ಚ್ 20, ಬುಧವಾರ

ಕಣ್ಣು ಬಿಟ್ಟಳು. ನೀರು ಕೇಳಿದಳು. ನನ್ನ ಅಂಗಿಯ ಕಾಲರ್ ನೋಡಿ ಬೈದಳು. ಎಲ್ಲ ಸರಿಯಾಗಿದೆ. ಎಲ್ಲ ಸರಿಯಾಗಿದೆ.

ಮಾರ್ಚ್ 23, ಶನಿವಾರ

ಕಾರಿಡಾರಿನ ಕೊನೆಯ ತನಕ ನಡೆದಳು, ನನ್ನ ತೋಳು ಹಿಡಿದು. ಮೊದಲಿಗಿಂತ ಕೆನ್ನೆ ಕೆಂಪಗಿದೆ. ಸಾಮಲ್ ಫೋನ್ ಮಾಡಿದ್ದ, ಇಪ್ಪತ್ತರ ಡಬ್ಬಿ ತಾನು ತಿಂದೆ, ಉಪ್ಪು ಕಮ್ಮಿ ಎಂದ. ಊರಿನವರು ವಿಮಾನದ ಬಗ್ಗೆ ಅವನನ್ನು ಕೇಳುತ್ತಿದ್ದಾರಂತೆ. ಎಲ್ಲರಿಗೂ "ಇಳಿಯುತ್ತೆ" ಎನ್ನುತ್ತಾನಂತೆ. ಎರಡು ಸಲ ತಪ್ಪಿದೆ.

ಇವತ್ತು ಗಾಳಿ ನೋಡಲು ಮರೆತೆ.

ಏಪ್ರಿಲ್ 9, ಮಂಗಳವಾರ

ಮನೆಗೆ ಬಂದೆವು. ಅವಳು ತನ್ನ ಕುರ್ಚಿಯಲ್ಲಿ ಕೂತು ಎರಡನೇ ತೋಳು ಹೆಣೆಯುತ್ತಿದ್ದಾಳೆ, ನಾನು ಎದುರಿಗೆ ಕೂತು ಬರೆಯುತ್ತಿದ್ದೇನೆ.

ಹೊರಡುವ ಮುಂಚೆ ನಿಲ್ದಾಣದ ಫಲಕದಲ್ಲಿ ನೋಡಿದೆ: ಹೊರಡುವುದಕ್ಕೂ ಮುಟ್ಟುವುದಕ್ಕೂ ನಡುವೆ ಒಂದು ಗಂಟೆ ಹತ್ತು ನಿಮಿಷ. ಕುದುರೆ ಓಟವೇ ಸರಿ. ಕಿಟಕಿಯ ಸೀಟು ಮಲಾನಳಿಗೆ ಕೊಟ್ಟೆ. ಅವಳು ನಾರ್ವೆ ದಾಟುವ ಮುಂಚೆಯೇ ನಿದ್ದೆ ಹೋದಳು, ತಲೆ ನನ್ನ ಭುಜದ ಮೇಲೆ. ಆಸ್ಪತ್ರೆಯಲ್ಲಿ ಅವಳಿಗೆ ಒಂದು ದಿನವೂ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಪುಸ್ತಕ ಮೇಲಿನ ಚೀಲದಲ್ಲಿತ್ತು, ತೆಗೆಯಬೇಕೆಂದರೆ ಏಳಬೇಕು. ಬಿಟ್ಟೆ. ಆದ್ದರಿಂದ ಈ ಸಲ ದಾರಿ ಲೆಕ್ಕ ಇಲ್ಲ.

ಸೋರ್ವಾಗುರಿನ ಮೇಲೆ ಬಂದಾಗ ನೈರುತ್ಯದ ಅಡ್ಡಗಾಳಿ ಇತ್ತು. ಚಕ್ರ ಇನ್ನೇನು ತಾಗಬೇಕು, ಪೈಲಟ್ ಮೇಲೆತ್ತಿದ. ಒಂದು ಸುತ್ತು. ಮತ್ತೆ ಬಂದ, ಮತ್ತೆ ಎತ್ತಿದ. ಎರಡು ಸುತ್ತು. ಮುಂದಿನ ಸಾಲಿನ ದಪ್ಪ ಮನುಷ್ಯ ಪ್ರಾರ್ಥನೆ ಮಾಡುತ್ತಿದ್ದ. ಮಲಾನ್ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಅವಳ ತಲೆ ಜಾರದ ಹಾಗೆ ಭುಜ ಸ್ವಲ್ಪ ಮೇಲಿಟ್ಟುಕೊಂಡೆ. ಟಿಂಡ್‌ಹೋಲ್ಮುರ್ ರೆಕ್ಕೆಯ ಕೆಳಗೆ ಎರಡು ಸಲ ಹಾದು ಹೋಯಿತು, ಐದು ಶಿಖರವೂ ಕಂಡವು. ಮೂರನೇ ಸಲ ಇಳಿಯಿತು. ಇನ್ನೊಂದು ಸುತ್ತು ಹೊಡೆದಿದ್ದರೂ ಆಗುತ್ತಿತ್ತು, ಅವಳು ಇನ್ನಷ್ಟು ಮಲಗುತ್ತಿದ್ದಳು.

ಸಾಮಲ್ ಕಾರು ತಂದಿದ್ದ. ಮಲಾನಳನ್ನು ಹೂವಿನ ಹಾಗೆ ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಮುಚ್ಚಿ, ನನ್ನ ಪಕ್ಕ ಬಂದು ಪಿಸುಗುಟ್ಟಿದ.

"ಎರಡು ಸುತ್ತು ಹೊಡೀತು. ನಾನು ಕೆಳಗೆ ನಿಂತು ಎಣಿಸ್ತಿದ್ದೆ. ನಿಜ ಹೇಳು, ಕೂಗಿದ್ಯಾ?"

"ಇಲ್ಲಪ್ಪ."

"ಯಾಕೆ?"

ಇದೆಂಥ ಪ್ರಶ್ನೆ. "ಮಲಾನ್ ಮಲಗಿದ್ಲು ಕಣೋ," ಎಂದೆ.

ಸಾಮಲ್ ನನ್ನ ಚೀಲ ಎತ್ತಿಕೊಂಡ. ಅವನು ಚೀಲ ಎತ್ತುವವನಲ್ಲ, ಯಾಕೆ ಎತ್ತಿದನೋ.